ಭಾವನವರ ದೋಣಿಗೆ ಅಜ್ಜಿಯ ಪಾತಾಳಗರಡಿ

ಮೊನ್ನೆ ನಮ್ಮ ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಏಣಿ ಕೇಳಿಕೊಂಡು ಬಂದರು. ಫ್ಯಾನು ಒರೆಸಬೇಕಂತೆ. ಧಾರಾಳವಾಗಿ ತೆಗೆದುಕೊಂಡು ಹೋಗಿ ಎನ್ನಬೇಕಾಗಿದ್ದ ನನ್ನ ಬಾಯಿ, ನನ್ನ ಅಪ್ಪಣೆಗೂ ಕಾಯದೆ, "ಏನು ಇಟ್ಟು ಹೋಗ್ತೀರಿ?" ಎಂದುಬಿಟ್ಟಿತು. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ತಮಾಷೆಯೋ ನಿಜವೋ ತಿಳಿಯದೆ, ಕೊನೆಗೆ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಜಗಲಿಯ ಮೇಲಿಟ್ಟು ಏಣಿ ಹೊತ್ತುಕೊಂಡು ಹೋದರು. ನಾಚಿಕೆಯಾಯಿತು ನಿಜ. ಆದರೆ ಹೆಲ್ಮೆಟ್ಟನ್ನು ವಾಪಸ್ಸು ಕೊಡಲು ಅವರ ಹಿಂದೆ ಓಡಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಈ ದುರಭ್ಯಾಸ ನನ್ನ ಸ್ವಂತದ್ದಲ್ಲ, ಅಜ್ಜಿಯಿಂದ ಬಂದದ್ದು. ಚಾಮರಾಜಪೇಟೆಯ ನಮ್ಮ ಈ ಮನೆಯ ಹಿತ್ತಲಲ್ಲಿ ಆಗ ಬಾವಿಯಿತ್ತು. ಬೀದಿಯ ಇತರ ಹಿತ್ತಲುಗಳಲ್ಲೂ ಇತ್ತು. ಆದರೆ ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತುವ ಪಾತಾಳಗರಡಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನೋಡಿಲ್ಲದವರಿಗೆ ಹೇಳುತ್ತೇನೆ: ದಪ್ಪನೆಯ ಒಂದು ಕಬ್ಬಿಣದ ಬಳೆ, ಅದರ ಸುತ್ತ ನೇತಾಡುವ ಎಂಟು ಕೊಕ್ಕೆಗಳು, ಮೇಲೆ ಹಗ್ಗ ಕಟ್ಟಲು ಒಂದು ಕುಣಿಕೆ. ಹಗ್ಗ ಕಟ್ಟಿ ಬಾವಿಗಿಳಿಸಿ ತಳದಲ್ಲಿ ಆಡಿಸುತ್ತಾ ಹೋದರೆ, ಯಾವುದೋ ಒಂದು ಕೊಕ್ಕೆಗೆ ಕೊಡದ ಕಂಠ ಸಿಕ್ಕುತ್ತಿತ್ತು. ಬೀದಿಯಲ್ಲಿ ಯಾರ ಕೊಡ ಬಿದ್ದರೂ ನಮ್ಮ ಬಾಗಿಲು ತಟ್ಟಬೇಕು. ಅಜ್ಜಿ ಯಾರಿಗೂ ಇಲ್ಲವೆನ್ನುತ್ತಿರಲಿಲ್ಲ. ಆದರೆ ಬಂದವರು ಒಂದು ಚೊಂಬನ್ನೋ ತಪ್ಪಲೆಯನ್ನೋ ಇಟ್ಟು ಹೋಗಬೇಕು. ಗರಡಿ ಬಂದ ತಕ್ಷಣ, ಅದರ ನೀರು ಆರುವ ಮೊದಲೇ, ಇಟ್ಟದ್ದನ್ನು ಹಿಂದಿರುಗಿಸಬೇಕು. ನೆಂಟರಾದರೂ ಅಷ್ಟೇ. ತಾತನೇ ಒಮ್ಮೆ ಗೆಳೆಯರ ಮನೆಗೆ ಗರಡಿ ಒಯ್ದಾಗ ಕನ್ನಡಕ ಇಟ್ಟು ಹೋಗಬೇಕಾಗಿ ಬಂದು, ದಾರಿಯಲ್ಲಿ ಮೋರಿಗೆ ಕಾಲಿಟ್ಟರು.

ನಮ್ಮ ಬಾವಿಗೆ ಅತಿ ಹೆಚ್ಚು ಸಾಮಾನು ಬೀಳಿಸಿದ ಕೀರ್ತಿ ನನ್ನದು. ಕೊಡ, ಸೌಟು, ಒಮ್ಮೆ ಜ್ಯಾಮಿಟ್ರಿ ಬಾಕ್ಸು. ಎತ್ತುವ ಕೆಲಸ ಅಕ್ಕನದು. ನಾನು ಕನ್ನಡಿ ಹಿಡಿದು ಬಿಸಿಲನ್ನು ಬಾವಿಯೊಳಕ್ಕೆ ಹಾಯಿಸಬೇಕು, ಅವಳು ಹಗ್ಗ ಆಡಿಸಬೇಕು. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಹಗ್ಗದಲ್ಲೇ ಅವಳಿಗೆ ತಿಳಿಯುತ್ತಿತ್ತು, ತಾಗಿದ್ದು ಕಲ್ಲೋ, ಕೆಸರೋ, ಕೊಡವೋ ಎಂದು. "ಕನ್ನಡಿ ತೆಗಿಯೋ, ನೀನು ಬೆಳಕು ಬಿಡ್ತಿರೋದು ನನ್ನ ಮುಖದ ಮೇಲೆ" ಎಂದು ಬೈದದ್ದೂ ಇದೆ. ಅಜ್ಜಿ ಹೋಗುವಾಗ ಬಂಗಾರವನ್ನೆಲ್ಲ ಸಮನಾಗಿ ಹಂಚಿ, ಗರಡಿಯನ್ನು ಮಾತ್ರ ಅಕ್ಕನಿಗೆ ಕೊಟ್ಟು ಹೋದರು. ಬಾವಿಗೆ ಚಪ್ಪಡಿ ಮುಚ್ಚಿ ಎಷ್ಟೋ ವರ್ಷವಾದರೂ ಅದು ಅಕ್ಕನ ಅಡುಗೆಮನೆಯ ಹಿಂದಿನ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಎಣ್ಣೆ, ಅರಿಶಿನ, ಕುಂಕುಮ.

ಈಗ ಭಾವನವರ ವಿಷಯ. ಅಕ್ಕ ಭಾವ ಕೆಳಗಿನ ಮನೆಯಲ್ಲಿ, ನಾನು ಮೇಲಿನ ಮನೆಯಲ್ಲಿ. ಭಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಎಲ್ಲರೂ ವಾಕಿಂಗ್ ಶೂ ತೆಗೆದುಕೊಂಡರೆ ಇವರು ದೋಣಿ ತೆಗೆದುಕೊಂಡರು. ಹದಿನಾಲ್ಕು ಅಡಿಯ, ಹಳೆಯ ಫೈಬರ್ ದೋಣಿ, ಹಿಂದೆ ಒಂದು ಪುಟ್ಟ ಮೋಟಾರು. ಅದಿರುವುದು ಮೈಸೂರಿನಿಂದಾಚೆ, ಒಂದು ಅಣೆಕಟ್ಟಿನ ಹಿನ್ನೀರಿನಲ್ಲಿ, ಅವರ ಹಳೆಯ ಶಿಷ್ಯರೊಬ್ಬರ ತೋಟದಂಚಿಗೆ. ದೋಣಿ ಯಾಕೆ ಎಂದು ಕೇಳಿದವರಿಗೆಲ್ಲ ಅವರ ಉತ್ತರ ಒಂದೇ: ನೀರಿನ ನಡುವೆ ಹೋಗಿ, ಮೋಟಾರು ಆರಿಸಿ, ಸುಮ್ಮನೆ ಕೂತು ಪದಬಂಧ ಬಿಡಿಸಬೇಕು. ನಲವತ್ತು ವರ್ಷ ಇನ್ನೊಬ್ಬರಿಗೆ ಸುಮ್ಮನೆ ಕೂತ್ಕೊಳ್ರೋ ಎಂದು ಹೇಳಿದ ಮನುಷ್ಯರಿಗೆ ತಾವೂ ಒಮ್ಮೆ ಕೂತು ನೋಡುವ ಆಸೆಯಾಗಿದ್ದರೆ ತಪ್ಪೇನಿಲ್ಲ. ಅಕ್ಕನಿಗೆ ಮಾತ್ರ ಇದು ಹಿಡಿಸಲಿಲ್ಲ. "ನೀರನ್ನ ಮನೆಗೆ ತರ್ಬೇಕು ಕಣೋ. ನಾವೇ ನೀರಿಗೆ ಹೋಗಿ ಕೂತ್ಕೊಳ್ಳೋದು ಯಾವ ಸೀಮೆ ಬಾಳು?" ಎಂದು ನನ್ನ ಹತ್ತಿರ ಹೇಳಿದಳು. ಒಂದು ದಿನಕ್ಕೂ ಹತ್ತಲಿಲ್ಲ.

ದೋಣಿ ಓಡಿಸುವುದು ಸುಲಭವಂತೆ, ನಿಲ್ಲಿಸುವುದೇ ಕಷ್ಟ. ಮೋಟಾರು ಆರಿಸಿದ ಕೂಡಲೇ ಗಾಳಿ ಅದನ್ನು ತನ್ನ ಪಾಡಿಗೆ ಎಳೆದುಕೊಂಡು ಹೋಗುತ್ತದೆ. ಪದಬಂಧದ ಎರಡು ಮನೆ ತುಂಬುವಷ್ಟರಲ್ಲಿ ಭಾವ ಮುಳ್ಳುಪೊದೆಯೊಳಗಿರುತ್ತಿದ್ದರು. ಹಾಗಾಗಿ ಲಂಗರು ಬೇಕಾಯಿತು. ಬದನೆಕಾಯಿ ಆರಿಸಲು ಕೆ.ಆರ್. ಮಾರ್ಕೆಟ್ಟಿನಲ್ಲಿ ಮುಕ್ಕಾಲು ಗಂಟೆ ತೆಗೆದುಕೊಳ್ಳುವ ಭಾವ, ಲಂಗರು ಆರಿಸಲು ಒಂದು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿದರು. ನೇಗಿಲಿನ ಕುಳದಂಥದ್ದು ಒಂದು, ಎರಡು ಸಲಿಕೆ ಜೋಡಿಸಿದಂಥದ್ದು ಇನ್ನೊಂದು, ಛತ್ರಿಯ ಕಡ್ಡಿಗಳ ಹಾಗೆ ಬಿಚ್ಚಿಕೊಳ್ಳುವ ನಾಲ್ಕು ಕೊಕ್ಕೆಯದ್ದು ಮತ್ತೊಂದು. ಇದನ್ನು ನೋಡಿದ್ದೇ ಅವರು ಎದ್ದು ನಿಂತರು.

"ಲೋ ಗೋಪಿ, ಇದು ನಮ್ಮ ಮನೇಲೇ ಇದ್ಯಲ್ಲೋ! ನಾಲ್ಕಲ್ಲ, ಎಂಟು ಕೊಕ್ಕೆ!"

ಅಕ್ಕ ಒಲೆಯ ಮುಂದಿನಿಂದಲೇ ಕೇಳಿದಳು. "ಏನು ಇಟ್ಟು ಹೋಗ್ತೀರಿ?"

"ಗಂಡನ ಹತ್ರಾನೂ ಇಟ್ಕೋತೀಯೇನೇ?"

"ಅಜ್ಜಿ ತಾತನ ಹತ್ರಾನೇ ಇಟ್ಕೊಂಡಿದ್ರು."

ಭಾವ ದೇವರಮನೆಯಿಂದ ಚೊಂಬು ತಂದರು. ಅದು ಮನೆಯದೇ ಎಂದಳು ಅಕ್ಕ. ಕೈಗಡಿಯಾರ ಬಿಚ್ಚಿದರು. ಅದು ನಮ್ಮಪ್ಪ ಮದುವೆಯಲ್ಲಿ ಕೊಟ್ಟದ್ದು. ಹುಡುಕುತ್ತಾ ಹೋದರೆ, ಆ ಮನೆಯಲ್ಲಿ ಭಾವನವರದೇ ಎನ್ನುವಂಥದ್ದು ಒಂದೇ ಉಳಿಯಿತು: ದೋಣಿಯ ಕಾಗದಪತ್ರ. ಅಕ್ಕ ಅದನ್ನು ತೆಗೆದುಕೊಂಡು, ಹಪ್ಪಳದ ಡಬ್ಬದೊಳಗಿಟ್ಟು, ಮುಚ್ಚಳ ಹಾಕಿ ಹೇಳಿದಳು: "ಗರಡಿ ವಾಪಸ್ ಬಂದ್ರೆ ಕಾಗದ ವಾಪಸ್. ಬರ್ಲಿಲ್ಲ ಅಂದ್ರೆ ದೋಣಿ ಮಾರೋದು. ಒಪ್ಪಿಗೆ ತಾನೇ?"

ಭಾವ ನಗುತ್ತಲೇ ಒಪ್ಪಿದರು. ಅವಳು ನಗಲಿಲ್ಲ ಎಂಬುದನ್ನು ನಾನು ನೋಡಿದೆ, ಆದರೆ ಹೇಳಲು ಹೋಗಲಿಲ್ಲ. ಗಂಡ ಹೆಂಡಿರ ನಡುವೆ ಮೂಗು ತೂರಿಸುವ ಚಟ ನನಗಿಲ್ಲ. ದೂರದಲ್ಲಿ ನಿಂತು ನೋಡುವ ಚಟ ಮಾತ್ರ ಇದೆ.

ಮೊದಲನೆಯ ಸಲ ಬಾವಿಯ ಹಗ್ಗವನ್ನೇ ಒಯ್ದೆವು. ತೆಂಗಿನ ನಾರಿನ ಹಗ್ಗ, ಇಪ್ಪತ್ತೈದು ಅಡಿ. ನೀರಿನ ಆಳ ಇಪ್ಪತ್ತಡಿ. ಇನ್ನೈದು ಅಡಿ ಮಿಕ್ಕಿತಲ್ಲ ಎಂದು ನಾವಿಬ್ಬರೂ ಖುಷಿಪಟ್ಟೆವು. ಬಾವಿಯ ನೀರು ಕುಡಿದು ಬೆಳೆದವರ ಲೆಕ್ಕವೇ ಅದು: ತಳ ಮುಟ್ಟಿದರೆ ಹಗ್ಗ ಸಾಕು. ಗರಡಿ ತಳ ಮುಟ್ಟಿತು. ದೋಣಿ ಮಾತ್ರ ನಿಲ್ಲಲಿಲ್ಲ. ಗರಡಿಯನ್ನೂ ಜೊತೆಗೆ ವಾಕಿಂಗ್ ಕರೆದುಕೊಂಡು ನಿಧಾನವಾಗಿ ದಡದ ಕಡೆಗೆ ಹೊರಟಿತು. ಪಕ್ಕದಲ್ಲಿ ತೆಪ್ಪದಲ್ಲಿ ಕೂತು ಬಲೆ ಬಿಡುತ್ತಿದ್ದ ಮಾದಣ್ಣ ಎಂಬುವರು ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ ಹೇಳಿದರು.

"ಹಗ್ಗ ಸಾಲ್ದು ಸ್ವಾಮಿ. ನೀರು ಎಷ್ಟು ಆಳ ಐತೋ ಅದರ ಐದರಷ್ಟು ಬುಡಬೇಕು. ಅದು ಮಲಗ್ಕಂಡು ಹಿಡಿಯೋ ಸಾಮಾನು. ನೀವು ನಿಂತ್ಕಂಡಂಗೆ ಎಳೀತಾ ಇದ್ದೀರಿ."

ಭಾವ ಆ ರಾತ್ರಿ ಊಟಕ್ಕೆ ಕೂತಾಗ ಮಜ್ಜಿಗೆಯಲ್ಲಿ ಬೆರಳದ್ದಿ ನೆಲದ ಮೇಲೆ ತ್ರಿಕೋನ ಬರೆದು ನನಗೆ ವಿವರಿಸಿದರು. ಲಂಗರು ಹಿಡಿಯುವುದು ಭಾರದಿಂದ ಅಲ್ಲವಂತೆ. ಹಗ್ಗ ಉದ್ದವಾಗಿ ಓರೆಯಾಗಿದ್ದರೆ ಎಳೆತ ನೆಲದ ಉದ್ದಕ್ಕೆ ಬಿದ್ದು ಕೊಕ್ಕೆ ಕಚ್ಚಿಕೊಳ್ಳುತ್ತದೆ, ನೆಟ್ಟಗಿದ್ದರೆ ಕಿತ್ತುಕೊಂಡು ಬರುತ್ತದೆ. ನಲವತ್ತು ವರ್ಷ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದೆ ಎಂದು ತಲೆ ಚಚ್ಚಿಕೊಂಡರು. ಅಕ್ಕ ಕಾಗದ ವಾಪಸ್ಸು ಕೊಟ್ಟು, ನೆಲ ಒರೆಸಲು ಬಟ್ಟೆಯನ್ನೂ ಕೊಟ್ಟಳು.

ಎರಡನೆಯ ಸಲ, ಕಾಗದ ಮತ್ತೆ ಹಪ್ಪಳದ ಡಬ್ಬ ಸೇರಿದ ಮೇಲೆ, ನೂರಿಪ್ಪತ್ತು ಅಡಿಯ ನೀಲಿ ಪ್ಲಾಸ್ಟಿಕ್ ಹಗ್ಗ. ಅದು ನೀರಿನಲ್ಲಿ ತೇಲುತ್ತದೆ ಎಂದು ನಮಗೆ ತಿಳಿದದ್ದು ಮೋಟಾರಿನ ರೆಕ್ಕೆಗೆ ಸುತ್ತಿಕೊಂಡ ಮೇಲೆ. ಅಲ್ಲದೆ ಭಾವ ತಾವು ಕೂತದ್ದು ಹಿಂದೆ ಎಂದು ಹಗ್ಗವನ್ನೂ ಹಿಂದೆಯೇ ಕಟ್ಟಿದ್ದರು. ಗಾಳಿ ಎದ್ದು ಅಲೆಯೆಲ್ಲ ಹಿಂಬದಿಯಿಂದ ಒಳಗೆ ಬಂತು. ನಾನು ಊಟದ ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲಿದೆ. ಡಬ್ಬಿಯಲ್ಲಿ ಪುಳಿಯೋಗರೆ ಇತ್ತು ಎಂಬುದು ಆಮೇಲೆ ನೆನಪಾಯಿತು.

ಮೂರನೆಯ ಸಲಕ್ಕೆ ನೀರಿನಲ್ಲಿ ಮುಳುಗುವ ಬಿಳಿ ನೈಲಾನ್ ಹಗ್ಗ ಬಂತು. ಅದನ್ನು ದೋಣಿಯ ಮುಂದಿನ ಮೂತಿಗೆ ಕಟ್ಟುವುದನ್ನು ಕಲಿತೆವು. ಹಗ್ಗಕ್ಕೂ ಗರಡಿಗೂ ನಡುವೆ ಒಂದಷ್ಟು ಸರಪಳಿ ಇದ್ದರೆ ಗರಡಿ ತಲೆಯೆತ್ತದೆ ಮಲಗಿರುತ್ತದೆ ಎಂದು ಎಲ್ಲೋ ಓದಿ, ಭಾವ ನಡುಮನೆಯ ತೂಗುಮಣೆಯ ನಾಲ್ಕು ಸರಪಳಿಗಳಲ್ಲಿ ಒಂದನ್ನು ಬಿಚ್ಚಿದರು. ಅಕ್ಕ ಅದರ ಮೇಲೆ ಕೂತೇ ಹೂ ಕಟ್ಟುತ್ತಿದ್ದದ್ದು. ಮಣೆ ಗೋಡೆಗೊರಗಿತು, ಅಕ್ಕ ಚಾಪೆಗಿಳಿದಳು. ಆದರೂ ನೇತಾಡುವ ಕೊಕ್ಕೆಗಳು ಮಡಿಚಿಕೊಂಡು ಬರುತ್ತಿದ್ದವು. ಬೀದಿಯ ತುದಿಯಲ್ಲಿ ಕಿಟಕಿ, ಗೇಟು ಮಾಡುವ ಇಲಿಯಾಸ್ ಭಾಯಿ ಗರಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಂದು ವೆಲ್ಡಿಂಗ್ ಹೊಡೆದ್ಬಿಡ್ಲಾ ಸಾರ್? ಎಂಟೂ ಗಟ್ಟಿ ನಿಂತ್ಕೋತಾವೆ."

ಸುದ್ದಿ ಹೇಗೆ ಮುಟ್ಟಿತೋ, ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂಗಡಿಗೇ ಬಂದುಬಿಟ್ಟಳು. "ಭಾಯಿ, ಅದಕ್ಕೆ ಬೆಂಕಿ ತೋರಿಸ್ಬೇಡಿ. ನಮ್ಮಜ್ಜೀದು."

ಇಲಿಯಾಸ್ ಭಾಯಿ ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಅಜ್ಜೀದಾ? ಹಾಗಾದ್ರೆ ಬೇಡ ಬಿಡಿಯಮ್ಮ" ಎಂದು, ಕೊಕ್ಕೆಗಳು ಅಗಲವಾಗಿ ನಿಲ್ಲುವಂತೆ ಬೋಲ್ಟು ಹಾಕಿ ಬಿಗಿಯುವ ಒಂದು ಪಟ್ಟಿ ಮಾಡಿಕೊಟ್ಟರು. ಬೇಕೆಂದಾಗ ಬಿಚ್ಚಿದರೆ ಗರಡಿ ಮೊದಲಿದ್ದ ಹಾಗೆಯೇ.

ಮಳೆಗಾಲ ಮುಗಿದು ಹಿನ್ನೀರು ತುಂಬಿದಾಗ ನಾಲ್ಕನೆಯ ಸಲ ಹೋದೆವು. ಗರಡಿ ಇಳಿಯಿತು, ಸರಪಳಿ ಇಳಿಯಿತು, ಹಗ್ಗ ನೂರಡಿ ಇಳಿಯಿತು. ಭಾವ ಮೋಟಾರನ್ನು ಮೆಲ್ಲಗೆ ಹಿಂದಕ್ಕೆ ಓಡಿಸಿದರು. ಹಗ್ಗ ಬಿಗಿಯಿತು, ದೋಣಿ ನಿಂತಿತು. ದಡದ ಹುಣಸೆಮರ ಇದ್ದಲ್ಲೇ ಇತ್ತು. ಹತ್ತು ನಿಮಿಷದ ಮೇಲೂ ಅಲ್ಲೇ ಇತ್ತು. ಭಾವ ನನ್ನ ಭುಜ ತಟ್ಟಿ, ಪತ್ರಿಕೆ ಬಿಡಿಸಿ, ಎರಡು ಗಂಟೆಯ ಕಾಲ ಒಂದು ಮಾತೂ ಆಡದೆ ಪದಬಂಧ ಮುಗಿಸಿದರು. ಅಂಥ ನೆಮ್ಮದಿಯ ಮುಖವನ್ನು ನಾನು ಅವರ ಮದುವೆಯಲ್ಲೂ ನೋಡಿರಲಿಲ್ಲ. ನಾನು ಸುಮ್ಮನೆ ಆ ಜಾಗವನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಂಡೆ, ಮುಂದಿನ ಸಲಕ್ಕೂ ಇಲ್ಲೇ ಬರೋಣವೆಂದು.

ಹೊರಡುವಾಗ ಗರಡಿ ಬರಲಿಲ್ಲ.

ಹಗ್ಗ ಎಳೆದುಕೊಂಡು ದೋಣಿಯನ್ನು ಗರಡಿಯ ನೇರ ಮೇಲಕ್ಕೇ ತಂದೆವು. ಇಬ್ಬರೂ ಸೇರಿ ಎಳೆದೆವು. ಕೆಳಗೆ ಯಾವುದೋ ಮುಳುಗಿದ ಮರದ ಬುಡವನ್ನು ಅದು ತಬ್ಬಿಕೊಂಡಿತ್ತು.

"ಭಾವ, ಅಕ್ಕನಿಗೊಂದು ಫೋನ್ ಮಾಡಣ. ಬಾವೀಲಿ ಸಿಕ್ಕಾಕ್ಕೊಂಡ್ರೆ ಅವಳೇ ಬಿಡಿಸ್ತಿದ್ದಿದ್ದು."

"ಸುಮ್ನಿರು. ಅವಳಿಗೆ ಗೊತ್ತಾದ್ರೆ ಮುಗೀತು, ದೋಣಿ ಹೋಯ್ತು."

ಮೋಟಾರಿನ ಬಲದಿಂದ ಎಳೆದರು. ಮೂತಿ ಬಗ್ಗಿತು, ಗಾಳಿ ಜೋರಾಯಿತು, ಒಂದು ಅಲೆ ಇಡಿಯಾಗಿ ಒಳಗೆ ಬಂದು ನನ್ನ ಮಡಿಲಲ್ಲಿ ಕೂತಿತು. ಎರಡನೆಯ ಅಲೆಗೆ ಮೊದಲೇ ಭಾವ ಸೌತೆಕಾಯಿ ಹೆಚ್ಚಲು ತಂದಿದ್ದ ಚಾಕುವಿನಿಂದ ಹಗ್ಗ ಕೊಯ್ದರು. ದೋಣಿ ಮೇಲೆದ್ದಿತು. ಬೆಂಗಳೂರಿನವರೆಗೂ ನಾನು ಒದ್ದೆ ಪ್ಯಾಂಟಿನಲ್ಲೇ ಕಾರು ಓಡಿಸಿದೆ.

ಅಕ್ಕ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಖಾಲಿ ಮೊಳೆಯನ್ನೊಮ್ಮೆ ನೋಡಿ, "ಯಾವ ಕಡೆಯಿಂದ ಎಳೆದ್ರಿ?" ಎಂದಷ್ಟೇ ಕೇಳಿದಳು.

"ಹಿಡಿದಿದ್ದ ಕಡೆಯಿಂದಾನೇ."

"ಹಿಡಿದ ಕಡೆಯಿಂದ ಎಳೆದ್ರೆ ಇನ್ನೂ ಹಿಡಿಯತ್ತೆ. ಸಡಿಲ ಬಿಟ್ಟು, ಸುತ್ತು ಹಾಕಿ, ಆ ಕಡೆಯಿಂದ ಎತ್ತಬೇಕು. ಒಂದು ಫೋನ್ ಮಾಡೋಕಾಗ್ಲಿಲ್ವಾ ನಿಮಗೆ?"

ಅವಳ ಕಣ್ಣು ಒದ್ದೆಯಾಗಿತ್ತು. ಗರಡಿ ಹೋದದ್ದಕ್ಕೋ, ಫೋನು ಮಾಡದೇ ಹೋದದ್ದಕ್ಕೋ, ನನಗೆ ತಿಳಿಯಲಿಲ್ಲ. ಭಾವ, "ಬೇಸಿಗೇಲಿ ನೀರು ಇಳಿಯತ್ತೆ ಕಣೇ. ಅಲ್ಲೇ ಇರತ್ತೆ ಅದು. ಅಲ್ಲೀವರೆಗೂ ಬಿಡು" ಎಂದರು.

"ಆಯ್ತು. ಬೇಸಿಗೆವರೆಗೂ ಕಾಗದ ನನ್ನ ಹತ್ರ. ಆಗ್ಲೂ ಸಿಗ್ಲಿಲ್ಲ ಅಂದ್ರೆ ಮಾರಿಬಿಡಿ."

ಆ ಚಳಿಗಾಲದಲ್ಲಿ ಭಾವ ಬೆಳಿಗ್ಗೆ ಎದ್ದ ಕೂಡಲೇ ಪತ್ರಿಕೆಯ ಮೂಲೆಯಲ್ಲಿರುವ ಜಲಾಶಯಗಳ ಮಟ್ಟವನ್ನು ಓದುತ್ತಿದ್ದರು. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸುವ ಪ್ರತಿಯೊಬ್ಬರೂ ನೀರು ಏರಲಿ ಎಂದು ಹಾರೈಸುತ್ತಿದ್ದರೆ, ಇಳಿಯಲಿ ಎಂದು ಕಾದಿದ್ದ ನಾಗರಿಕರು ಇವರೊಬ್ಬರೇ ಇರಬೇಕು. ಅರ್ಧ ಅಡಿ ಇಳಿದ ದಿನ ಎರಡನೇ ಕಾಫಿ ಕೇಳುತ್ತಿದ್ದರು. ಏಪ್ರಿಲಿನಲ್ಲಿ ಅಕಾಲದ ಮಳೆ ಬಂದು ಬೀದಿಯವರೆಲ್ಲ ಜಗಲಿಗೆ ಬಂದು ಮಣ್ಣಿನ ವಾಸನೆ ಹೀರುತ್ತಿದ್ದಾಗ, ಇವರು ಒಳಗೆ ಕಿಟಕಿ ಹಾಕಿಕೊಂಡು ಕೂತಿದ್ದರು. "ಯಾರಾದ್ರೂ ಗುಜರಿಗೆ ಹಾಕಿಬಿಟ್ಟಿದ್ರೆ ಏನೋ ಗತಿ?" ಎಂದು ನನ್ನನ್ನು ಕೇಳುತ್ತಿದ್ದರು. ದೋಣಿಯ ಹೆಸರನ್ನು ಅವರು ಎತ್ತುತ್ತಿರಲಿಲ್ಲ. ಅಕ್ಕನೂ ಎತ್ತುತ್ತಿರಲಿಲ್ಲ. ತೂಗುಮಣೆ ಗೋಡೆಗೊರಗಿಕೊಂಡೇ ಇತ್ತು.

ಮೇ ತಿಂಗಳಲ್ಲಿ ಹೊರಟಾಗ ಅಕ್ಕನೂ ಬಂದು ಕಾರಿನಲ್ಲಿ ಕೂತಳು. ಮೊಸರನ್ನದ ಡಬ್ಬಿಯ ಚೀಲ ಮಡಿಲಲ್ಲಿ, ಛತ್ರಿ ಕೈಯಲ್ಲಿ.

ನೀರು ಅರ್ಧ ಮೈಲಿ ಹಿಂದೆ ಸರಿದಿತ್ತು. ದೋಣಿ ದಡದಲ್ಲಿ ಕಲ್ಲುಗಳ ಮೇಲೆ ಕೂತಿತ್ತು. ಬಿರುಕುಬಿಟ್ಟ ನೆಲದ ಮೇಲೆ ಎಲ್ಲಿ ನೋಡಿದರೂ ಮೋಟು ಮರದ ಬುಡಗಳು. ನನ್ನ ಮೊಬೈಲು ತೋರಿಸಿದ ಗುರುತಿನ ಸುತ್ತಮುತ್ತಲೇ ಹತ್ತಾರು ಇದ್ದವು. ಭಾವ ಒಂದರಿಂದ ಇನ್ನೊಂದಕ್ಕೆ ಓಡಿದರು. ಚಪ್ಪಲಿ ಕಿತ್ತುಹೋಯಿತು, ಕೈಯಲ್ಲಿ ಹಿಡಿದುಕೊಂಡು ಓಡಿದರು. ಮುಕ್ಕಾಲು ಗಂಟೆ ಕಳೆಯಿತು. ಒಂದು ಬುಡದ ಹತ್ತಿರ ನಿಂತವರು ಕೂಗಲಿಲ್ಲ, ಸುಮ್ಮನೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಹೋಗಿ ನೋಡಿದರೆ ಮಣ್ಣಿನ ಬಣ್ಣಕ್ಕೆ ತಿರುಗಿದ ನೈಲಾನ್ ಹಗ್ಗ, ತೂಗುಮಣೆಯ ಸರಪಳಿ, ಅದರ ತುದಿಗೆ ಬೇರಿನ ಕೆಳಗೆ ಮೂರು ಕೊಕ್ಕೆ ತೂರಿಸಿಕೊಂಡು ಕೂತ ಅಜ್ಜಿಯ ಗರಡಿ.

ಭಾವ ಎರಡು ಕೈಯಲ್ಲೂ ಹಿಡಿದು ಎಳೆದರು. ಒಣಗಿದ ನೆಲದಲ್ಲೂ ಅದು ಬರಲಿಲ್ಲ.

"ಬಿಡೀಂದ್ರೆ. ಇನ್ನೂ ಅದೇ ಕಡೆಯಿಂದ ಎಳೀತಿದೀರಲ್ಲ" ಎಂದು ಅಕ್ಕ ಛತ್ರಿಯನ್ನು ನನ್ನ ಕೈಗೆ ಕೊಟ್ಟಳು. ಮಣ್ಣಿನ ಮೇಲೆ ಮಂಡಿಯೂರಿ, ಗರಡಿಯನ್ನು ಮೊದಲು ಒಳಕ್ಕೇ ತಳ್ಳಿ, ಸ್ವಲ್ಪ ಹೊರಳಿಸಿ, ಆಚೆಯಿಂದ ಎತ್ತಿದಳು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಗರಡಿ ಅವಳ ಕೈಗೆ ಬಂತು.

ಮುಂದಿನದಕ್ಕೆ ನಾನು ಸಿದ್ಧನಾಗಿರಲಿಲ್ಲ. ಅಕ್ಕ ಚೀಲದೊಳಗೆ ಕೈ ಹಾಕಿ, ಮೊಸರನ್ನದ ಡಬ್ಬಿಯ ಕೆಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದ ತೆಗೆದಳು. "ತಗೊಳ್ಳಿ. ಗರಡಿ ಬಂದ ಮೇಲೆ ಇಟ್ಟಿದ್ದನ್ನ ಇಟ್ಕೋಬಾರ್ದು." ಭಾವ ಕಾಗದ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿ, ಜೇಬಿನ ಮೇಲೆ ಕೈಯಿಟ್ಟುಕೊಂಡೇ ನಡೆದರು.

ನೆರಳಿಲ್ಲದ್ದರಿಂದ ದೋಣಿಯಲ್ಲೇ ಕೂತು ಛತ್ರಿ ಹಿಡಿದು ಊಟ ಮಾಡಿದೆವು. ಅಕ್ಕ ದೋಣಿ ಹತ್ತಿದ್ದು ಅದೇ ಮೊದಲು. ಚೂರೂ ಅಲುಗಾಡುವುದಿಲ್ಲವಲ್ಲ, ಪರವಾಗಿಲ್ಲ ಎಂದಳು. ಊಟವಾದ ಮೇಲೆ ಭಾವ ಗರಡಿಯನ್ನು ಎತ್ತಿಕೊಂಡು, ಮಣ್ಣು ತೊಳೆಯಲೆಂದು ದೂರದ ನೀರಿನ ಕಡೆಗೆ ಹೋದರು.

ನನಗೆ ತಡೆಯಲಾಗಲಿಲ್ಲ. "ಅಕ್ಕ, ಬೆಳಿಗ್ಗೆ ಡಬ್ಬಿ ಕಟ್ಟೋವಾಗ್ಲೇ ಕಾಗದ ಇಟ್ಕೊಂಡು ಬಂದ್ಯಲ್ಲ. ಗರಡಿ ಸಿಗ್ದೇ ಇದ್ದಿದ್ರೆ?"

ಅಕ್ಕ ಡಬ್ಬಿಯ ಮುಚ್ಚಳ ಹಾಕುತ್ತಾ, ಗಂಡ ಹೋಗುತ್ತಿದ್ದ ದಿಕ್ಕನ್ನೇ ನೋಡುತ್ತಿದ್ದಳು. ಅವರ ಒಂದು ಕೈಯಲ್ಲಿ ಗರಡಿ, ಇನ್ನೊಂದು ಕೈಯಲ್ಲಿ ಕಿತ್ತುಹೋದ ಚಪ್ಪಲಿ.

"ಸಿಗ್ದೇ ಇದ್ದಿದ್ರೂ ಕೊಡ್ತಿದ್ದೆ ಕಣೋ. ಅವರಿಗೆ ಮಾತ್ರ ಹೇಳ್ಬೇಡ."

ಭಾವ ತಿರುಗಿ ಬಂದಾಗ ಗರಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಏನೋ ಅಕ್ಕ ತಮ್ಮ ಗುಸುಗುಸು?" ಎಂದರು.

"ಉಪ್ಪಿನಕಾಯಿ ಸಾಲ್ಲಿಲ್ಲ ಅಂತಿದ್ದ" ಎಂದಳು ಅಕ್ಕ.